ಚೀಟಿ, ಆರ್‌ಡಿ, ಎಫ್‌ಡಿ, ಬಂಗಾರ: ಕೆಲಸ ಕಮ್ಮಿ ಇದ್ದ ಕಾಲದಲ್ಲಿ ಯಾವುದು ಕೈಗೆ ಸಿಕ್ಕಿತು?

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಂದು ಸಣ್ಣ ಯೂನಿಟ್‌ನಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಸೀಸನ್ ಇದ್ದಾಗ ರಾತ್ರಿ ಹತ್ತಾದರೂ ಮಷಿನ್ ಸದ್ದು ನಿಲ್ಲುವುದಿಲ್ಲ. ಆರ್ಡರ್ ಬಿದ್ದುಹೋದರೆ ಶನಿವಾರದ ಬಟವಾಡೆ ಅರ್ಧಕ್ಕೆ ಇಳಿಯುತ್ತದೆ, ಯಾಕೆಂದರೆ ಮಾಲೆಲ್ಲ ಉದ್ರಿ ಹೋಗಿರುತ್ತದೆ, ಅಂಗಡಿಯವರು ಎರಡು ಮೂರು ತಿಂಗಳು ದಾಟಿಸಿ ಕೊಡುತ್ತಾರೆ, ಅಲ್ಲಿಯವರೆಗೆ ಮಾಲೀಕರ ಕೈಯೂ ಖಾಲಿ, ನಮ್ಮ ಕೈಯೂ ಖಾಲಿ. ಹೋದ ವರ್ಷ ಇಂಥ ತಿಂಗಳುಗಳೇ ಜಾಸ್ತಿ. ಆ ಹೊತ್ತಿಗೆ ನನ್ನ ದುಡ್ಡು ಸ್ವಲ್ಪ ಸ್ವಲ್ಪ ಬೇರೆ ಬೇರೆ ಕಡೆ ಇತ್ತು. ಸುಮ್ನೆ ಅಭ್ಯಾಸದಿಂದ ಹಾಗೆ ಇಟ್ಟಿದ್ದೆ, ಯೋಜನೆ ಗೀಜನೆ ಏನೂ ಇರಲಿಲ್ಲ. ಆದರೆ ಅದರಿಂದ ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡುವ ಅವಕಾಶ ಸಿಕ್ಕಿತು.

ನನ್ನ ಅಳತೆ ಒಂದೇ. ರಾತ್ರಿ ಫೋನ್ ಬಂದು ನಾಳೆ ಬೆಳಿಗ್ಗೆ 20,000 ಬೇಕು ಅಂದರೆ, ಕೈಗೆ ಎಷ್ಟು ಬರುತ್ತದೆ, ಅದಕ್ಕೆ ಎಷ್ಟು ಕಳೆದುಕೊಳ್ಳಬೇಕು? ಬಡ್ಡಿ ಶೇ. 6 ಬರುತ್ತೋ 7 ಬರುತ್ತೋ ಅನ್ನುವುದು ಸಂಬಳ ಸರಿಯಾಗಿ ಬರುವವರ ಚರ್ಚೆ.

ಚೀಟಿಯಿಂದ ಶುರು ಮಾಡುತ್ತೇನೆ. ನಮ್ಮ ಓಣಿಯಲ್ಲಿ ಚೀಟಿ ಇಲ್ಲದ ಮನೆ ಹುಡುಕಬೇಕು. ಅಮ್ಮನ ಗೃಹಲಕ್ಷ್ಮಿ 2,000 ಕೂಡ ಅಲ್ಲಿಗೇ ಹೋಗುತ್ತದೆ. ನಾನಿರುವುದು 50,000ದ ಹರಾಜು ಚೀಟಿ. 20 ಜನ, ತಿಂಗಳಿಗೆ 2,500. ಯಾರು ಕಮ್ಮಿಗೆ ಕೂಗುತ್ತಾರೋ ಅವರಿಗೆ ಚೀಟಿ. ಬಿಟ್ಟುಕೊಟ್ಟ ದುಡ್ಡಿನಲ್ಲಿ ಚೀಟಿ ನಡೆಸುವ ಅಕ್ಕ ತನ್ನ ಪಾಲು ತೆಗೆದುಕೊಂಡು ಉಳಿದದ್ದನ್ನು ಎಲ್ಲರಿಗೂ ಹಂಚುತ್ತಾಳೆ.

ಕೆಲಸ ಚೆನ್ನಾಗಿದ್ದಾಗ ಇದು 42,000ದ ಸುತ್ತ ನಿಲ್ಲುತ್ತಿತ್ತು. ಕೆಲಸ ಕಮ್ಮಿಯಾದ ಮೇಲೆ ನೋಡಬೇಕಿತ್ತು. ಎಲ್ಲರಿಗೂ ಒಟ್ಟಿಗೇ ದುಡ್ಡು ಬೇಕು, ಯಾಕೆಂದರೆ ಎಲ್ಲರೂ ಹೆಚ್ಚುಕಮ್ಮಿ ಒಂದೇ ಕಸುಬಿನವರು. ಒಬ್ಬ ಟೈಲರ್, ಒಬ್ಬ ಕಟಿಂಗ್ ಮಾಸ್ಟರ್, ಒಬ್ಬ ಗುಂಡಿ ಹಚ್ಚುವವನು. ಪೈಪೋಟಿಯಲ್ಲಿ 36,000ಕ್ಕೆ ಇಳಿಯಿತು. ಲೆಕ್ಕ ಹಾಕಿ. 14,000 ಬಿಟ್ಟುಕೊಟ್ಟಂತೆ. ಅದರಲ್ಲಿ 2,500 ಅಕ್ಕನಿಗೆ, ಉಳಿದ 11,500 ಇಪ್ಪತ್ತು ಜನಕ್ಕೆ ಹಂಚಿದರೆ ತಲೆಗೆ 575. ಹಾಗಾಗಿ ಆ ತಿಂಗಳು ನಾನು ಕಟ್ಟಿದ್ದು 1,925 ಮಾತ್ರ. ಕೂಗದೆ ಕೂತವನಿಗೆ ಲಾಭ, ಗತಿ ಇಲ್ಲದೆ ಕೂಗಿದವನಿಗೆ ಹೊಡೆತ. ಕಷ್ಟಕಾಲಕ್ಕೆ ಆಗಲಿ ಅಂತ ಕಟ್ಟುವ ಚೀಟಿ, ಕಷ್ಟ ಎಲ್ಲರಿಗೂ ಒಟ್ಟಿಗೆ ಬಂದಾಗಲೇ ಅತಿ ದುಬಾರಿ ಆಗುತ್ತದೆ. ಇದನ್ನು ನನಗೆ ಯಾರೂ ಮೊದಲು ಹೇಳಿರಲಿಲ್ಲ.

ನಾನು ಕೂಗದೆ ಕೂತದ್ದು ನೋಡಿ ಅಕ್ಕ, "ಏನಪಾ, ಕೆಲಸ ಇಲ್ಲ ಅಂತೀ, ಚೀಟಿನೂ ಕೂಗಲ್ಲ ಅಂತೀ, ಮತ್ತೆ ದುಡ್ಡು ಎಲ್ಲಿಂದ ತರ್ತೀ?" ಅಂದಳು. ಅನುಮಾನದಿಂದ ಕೇಳಿದ್ದಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು ಅವಳಿಗೆ.

ಚೀಟಿಯ ಒಂದು ದೊಡ್ಡ ಗುಣ ಮಾತ್ರ ಒಪ್ಪಲೇಬೇಕು. ಇನ್ನೂ ಕಟ್ಟಿರದ ದುಡ್ಡೂ ಅಲ್ಲಿ ಸಿಗುತ್ತದೆ. ಐದನೇ ತಿಂಗಳಲ್ಲೇ 36,000 ಕೈಗೆ ಬರುವುದು ಬೇರೆ ಎಲ್ಲಿ? ಆದರೆ ಚೀಟಿ ನಡೆಯುವುದು ತಿಂಗಳಿಗೆ ಒಂದು ದಿನ. ನಿಮ್ಮ ತುರ್ತು ಆ ದಿನಕ್ಕೆ ಕಾಯುವುದಿಲ್ಲ. ಎತ್ತಿದವನು ಮುಂದಿನ ಕಂತು ನಿಲ್ಲಿಸಿದರೆ ಅಕ್ಕನ ಮುಖ ನೋಡಬೇಕು, ಅಷ್ಟೇ. 1982ರ ಚಿಟ್ ಫಂಡ್ ಕಾಯ್ದೆ ನೋಂದಣಿ ಕೇಳುತ್ತದೆ, ಓಣಿ ಚೀಟಿಗೆ ಅದೆಲ್ಲಿಂದ ಬರಬೇಕು? ನೋಂದಣಿ ಆದ ಚೀಟಿಗಳೂ ಇವೆ, ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ನಡೆಸುತ್ತದೆ. ಅಲ್ಲಿ ನಡೆಸುವವರ ಕಮಿಷನ್ ಶೇ. 7 ದಾಟುವಂತಿಲ್ಲ, 2019ರ ತಿದ್ದುಪಡಿಗೆ ಮೊದಲು ಶೇ. 5 ಇತ್ತು. ಭದ್ರತೆಯೂ ಹೆಚ್ಚು. ಆದರೆ ಎತ್ತಿದ ಮೇಲೆ ದುಡ್ಡು ಕೊಡುವ ಮುಂಚೆ ಜಾಮೀನು ಕೇಳುತ್ತಾರೆ. ಪೀಸ್ ಲೆಕ್ಕದಲ್ಲಿ ದುಡಿಯುವ ನಮ್ಮಂಥವರಿಗೆ ಜಾಮೀನು ಹಾಕುವ ನೌಕರಸ್ಥರನ್ನು ಹುಡುಕುವುದೇ ಒಂದು ಕೆಲಸ.

ಇನ್ನು ಪೋಸ್ಟ್ ಆಫೀಸ್ ಆರ್‌ಡಿ. ತಿಂಗಳಿಗೆ 100 ರೂಪಾಯಿಯಿಂದ ಶುರು ಮಾಡಬಹುದು. ಐದು ವರ್ಷದ ಅವಧಿ. 2023ರ ಅಕ್ಟೋಬರ್‌ನಲ್ಲಿ ಬಡ್ಡಿ ಶೇ. 6.7 ಆಯಿತು. ನನ್ನದು ತಿಂಗಳಿಗೆ 2,000. ಆ ದರದಲ್ಲಿ ಐದು ವರ್ಷಕ್ಕೆ ಕಟ್ಟುವುದು 1,20,000, ಬರುವುದು ಸುಮಾರು 1,42,700. ಕೇಂದ್ರ ಸರ್ಕಾರದ ಹೊಣೆ ಇರುವುದರಿಂದ ಮುಳುಗುವ ಭಯ ಇಲ್ಲ.

ಆದರೆ ನನ್ನ ಅಳತೆಗೆ ಇದು ಬಹಳ ಬಿಗಿ. ಮೂರು ವರ್ಷ ಆಗುವವರೆಗೆ ಮುಚ್ಚುವಂತಿಲ್ಲ. ಮೂರಾದ ಮೇಲೆ ಮುಚ್ಚಿದರೂ ಉಳಿತಾಯ ಖಾತೆಯ ಬಡ್ಡಿ ಮಾತ್ರ, ಅಂದರೆ ಶೇ. 4. ಹನ್ನೆರಡು ಕಂತು ಕಟ್ಟಿದ್ದರೆ ಅರ್ಧದಷ್ಟು ಸಾಲ ಕೊಡುತ್ತಾರೆ, ಆರ್‌ಡಿ ಬಡ್ಡಿಗಿಂತ ಶೇ. 2 ಜಾಸ್ತಿ. ನನ್ನ ಲೆಕ್ಕದಲ್ಲಿ ಒಂದು ವರ್ಷಕ್ಕೆ 24,000 ಕಟ್ಟಿದರೆ 12,000 ಸಾಲ. ಬಡ್ಡಿ ಶೇ. 8.7, ಅಗ್ಗವೇ. ಆದರೆ 20,000 ಆಗಲಿಲ್ಲ ಅಲ್ವಾ? ಮತ್ತೆ ಕೌಂಟರ್ ತೆರೆದಿರುವ ಹೊತ್ತಿಗೇ ಹೋಗಬೇಕು, ಅದು ನಮ್ಮ ಯೂನಿಟ್ ನಡೆಯುವ ಹೊತ್ತು.

ಇದರಲ್ಲಿ ನನಗೆ ಇಷ್ಟವಾದದ್ದು ಬೇರೆ. ಕಂತು ತಪ್ಪಿದರೆ ದಂಡ ನೂರಕ್ಕೆ ತಿಂಗಳಿಗೆ ಒಂದೇ ರೂಪಾಯಿ. ನನಗೆ 20 ರೂಪಾಯಿ ಬೀಳುತ್ತದೆ. ನಾಲ್ಕು ಕಂತು ತಪ್ಪುವವರೆಗೆ ಖಾತೆ ನಿಲ್ಲುವುದಿಲ್ಲ. ಚೀಟಿಯಲ್ಲಿ ಒಂದು ಕಂತು ತಪ್ಪಿಸಿ ನೋಡಿ, ಓಣಿಯಲ್ಲಿ ತಲೆ ಎತ್ತಿ ಓಡಾಡುವುದು ಕಷ್ಟ. ಕೈ ಬಿಗಿಯಾದ ತಿಂಗಳಲ್ಲಿ ಚೀಟಿ ಕಟ್ಟಿ ಆರ್‌ಡಿ ಬಿಟ್ಟೆ, 20 ರೂಪಾಯಿಗೆ ಒಂದು ತಿಂಗಳು ಉಸಿರಾಡಿದೆ.

ಪಿಗ್ಮಿ ಬಗ್ಗೆ ಎರಡೇ ಮಾತು. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಉಡುಪಿಯಲ್ಲಿ ಶುರು ಮಾಡಿದ ಈ ಪದ್ಧತಿ ಈಗ ಎಲ್ಲಾ ಊರಲ್ಲೂ ಇದೆ. ದಿನಾ ಏಜೆಂಟ್ ಅಂಗಡಿಗೇ ಬಂದು ಐವತ್ತೋ ನೂರೋ ತೆಗೆದುಕೊಂಡು ಹೋಗುತ್ತಾರೆ. ಬಡ್ಡಿ ನಾಮಕಾವಸ್ತೆ. ಚಹಾದಂಗಡಿ, ತರಕಾರಿ ಬಂಡಿಯವರಿಗೆ ಸರಿ. ನನಗೆ ದುಡ್ಡು ಬರುವುದು ವಾರಕ್ಕೊಮ್ಮೆ, ಹಾಗಾಗಿ ಒಗ್ಗಲಿಲ್ಲ, ಬಿಟ್ಟೆ.

ನನ್ನ ಮಟ್ಟಿಗೆ ಗೆದ್ದದ್ದು ಬ್ಯಾಂಕ್ ಎಫ್‌ಡಿ. ಆದರೆ ಒಂದೇ ದೊಡ್ಡ ಎಫ್‌ಡಿ ಅಲ್ಲ, ಹತ್ತತ್ತು ಸಾವಿರದ ತುಂಡು ತುಂಡು. ಸೀಸನ್‌ನಲ್ಲಿ ಕೈಗೆ ಬಂದಾಗ ಮೊಬೈಲ್‌ನಲ್ಲೇ ಒಂದೊಂದು ಮಾಡಿಟ್ಟಿದ್ದೆ. ಬೇಕಾದಾಗ ಎರಡು ಮುರಿದರೆ 20,000. ರಾತ್ರಿ ಹನ್ನೊಂದಕ್ಕೂ ಮುರಿಯಬಹುದು, ಉಳಿತಾಯ ಖಾತೆಗೆ ಬಂದು ಬೀಳುತ್ತದೆ, ಯುಪಿಐ ಮಾಡಿದರೆ ಮುಗಿಯಿತು. ಯಾರಿಗೂ ಕಾರಣ ಹೇಳಬೇಕಿಲ್ಲ. ಮಧ್ಯದಲ್ಲಿ ಮುರಿದರೆ ಇಟ್ಟಷ್ಟು ದಿನಕ್ಕೆ ಇದ್ದ ದರ, ಅದರಲ್ಲೂ ಅರ್ಧ ಅಥವಾ ಒಂದು ಪರ್ಸೆಂಟ್ ಕಡಿತ. 10,000ದ ಎಫ್‌ಡಿ ನಾಲ್ಕು ತಿಂಗಳಿಗೆ ಮುರಿದರೆ ಕಳೆದುಕೊಳ್ಳುವುದು ನೂರು ರೂಪಾಯಿ ಆಸುಪಾಸು. ಒಂದೇ 50,000ದ ಎಫ್‌ಡಿ ಇದ್ದಿದ್ದರೆ 20,000ಕ್ಕಾಗಿ ಪೂರ್ತಿ ಮುರಿಯಬೇಕಾಗಬಹುದು, ಕಡಿತವೂ ಪೂರ್ತಿ ಮೊತ್ತದ ಮೇಲೆ.

ಬಡ್ಡಿ ಇಳಿದಿದೆ, ಅದು ನಿಜ. 2025ರಲ್ಲಿ ಆರ್‌ಬಿಐ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ಶೇ. 6.5ರಿಂದ ಡಿಸೆಂಬರ್ ಹೊತ್ತಿಗೆ 5.25ಕ್ಕೆ ಇಳಿಸಿತು, ಬ್ಯಾಂಕುಗಳೂ ಠೇವಣಿ ಬಡ್ಡಿ ಇಳಿಸಿದವು. ಗೆಳೆಯನೊಬ್ಬ ಅದಕ್ಕೇ ಎಫ್‌ಡಿ ತೆಗೆದು ಒಂದು ಪತ್ತಿನ ಸೊಸೈಟಿಯಲ್ಲಿ ಇಟ್ಟ, ಅಲ್ಲಿ ಜಾಸ್ತಿ ಕೊಡುತ್ತಾರೆ ಅಂತ. ನಾನು ಆ ದಾರಿ ಹಿಡಿಯಲಿಲ್ಲ. ಬ್ಯಾಂಕ್ ಅಂದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ, 2020ರ ಫೆಬ್ರವರಿಗೆ ಮೊದಲು ಅದು ಒಂದೇ ಲಕ್ಷ ಇತ್ತು. ನಮ್ಮೂರಲ್ಲೇ ಮುಖ್ಯ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಲಿ, ಸಹಕಾರಿ ಬ್ಯಾಂಕ್ ಆಗಲಿ ಅದರೊಳಗೆ ಬರುತ್ತವೆ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ ಬರುವುದಿಲ್ಲ. ಬೋರ್ಡು, ಗಾಜಿನ ಬಾಗಿಲು, ಕೌಂಟರ್ ಎಲ್ಲಾ ಬ್ಯಾಂಕಿನ ಹಾಗೇ ಇರುತ್ತವೆ, ಹಾಗಾಗಿ ಒಳಗೆ ಹೋಗಿ ಠೇವಣಿ ವಿಮೆ ಇದೆಯಾ ಅಂತ ನೇರವಾಗಿ ಕೇಳಿಬಿಡಿ.

ಲಿಕ್ವಿಡ್ ಫಂಡ್ ಅಂತ ಮ್ಯೂಚುವಲ್ ಫಂಡ್ ಒಂದಿದೆ, ಅದನ್ನೂ ನೋಡಿದೆ. ಏಳು ದಿನ ದಾಟಿದರೆ ತೆಗೆಯಲು ಯಾವ ಕಡಿತವೂ ಇಲ್ಲ. ಕೆಲವು ಫಂಡ್‌ಗಳಲ್ಲಿ 50,000 ಅಥವಾ ಇರುವ ದುಡ್ಡಿನ ಶೇ. 90, ಯಾವುದು ಕಮ್ಮಿಯೋ ಅಷ್ಟು ತಕ್ಷಣ ಬರುತ್ತದೆ. ನನ್ನ ಅಳತೆಗೆ ಎಫ್‌ಡಿಗೆ ಸಮ. ಆದರೆ ವಿಮೆ ಇಲ್ಲ, ಅಮ್ಮನಿಗೆ ವಿವರಿಸಲು ಆಗುವುದಿಲ್ಲ. ನಾನು ಆಸ್ಪತ್ರೆಯಲ್ಲಿ ಮಲಗಿದರೆ ದುಡ್ಡು ತೆಗೆಯಬೇಕಾದವಳು ಅವಳೇ, ಅದನ್ನೂ ಲೆಕ್ಕಕ್ಕೆ ಹಿಡಿದೆ.

ಬಂಗಾರದ ಮಾತಿಗೆ ಬರೋಣ. ಮೊದಲು ನಮ್ಮ ಜಿಲ್ಲೆಯ ಒಂದು ಹಳೇ ವಿಷಯ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಇಲ್ಲಿ ಗಣಿಗಾರಿಕೆ ನಿಲ್ಲಿಸಿದಾಗ ನಾನು ಶಾಲೆಯಲ್ಲಿದ್ದೆ. ಅದಿರು ಲಾರಿಗಳು ನಿಂತವು, ಲಾರಿ ಮೇಲಿನ ಕಂತು ನಿಲ್ಲಲಿಲ್ಲ. ನಮ್ಮ ಸೋದರಮಾವನಿಗೆ ಎರಡು ಸೈಟಿದ್ದವು. ಊರಲ್ಲಿ ಎಲ್ಲರೂ ಮಾರಲು ನಿಂತವರೇ, ಕೊಳ್ಳುವವರು ಯಾರು? ಸೈಟು ಹಾಗೇ ಬಿತ್ತು, ಮನೆ ನಡೆಸಿದ್ದು ಅತ್ತೆಯ ಸರ. ಆವತ್ತಿನಿಂದ ನಮ್ಮ ಮನೆಯಲ್ಲಿ ಬಂಗಾರ ಅಂದರೆ ಒಡವೆ ಅಲ್ಲ, ಅಡ ಇಡುವ ವಸ್ತು.

ಹೋದ ವರ್ಷ ಅಮ್ಮನ ಸರ ಅಡ ಇಟ್ಟು ನೋಡಿದೆವು. ಬ್ಯಾಂಕಿನಲ್ಲಿ ನೂರಕ್ಕೆ ತಿಂಗಳಿಗೆ ಹೆಚ್ಚುಕಮ್ಮಿ ಎಂಬತ್ತು ಪೈಸೆ ಬಡ್ಡಿ ಬಿತ್ತು. ಬಂಗಾರಕ್ಕೆ ಬೆಲೆ ಕಟ್ಟುವ ಅಪ್ರೈಸರ್ ಬರುವವರೆಗೆ ಕಾದು ಅರ್ಧ ದಿನ ಹೋಯಿತು. ಅದೇ ರಸ್ತೆಯ ಖಾಸಗಿ ಫೈನಾನ್ಸ್‌ನಲ್ಲಿ ಅರ್ಧ ಗಂಟೆಗೆ ದುಡ್ಡು ಕೊಡುತ್ತೇವೆ ಅಂದರು, ಬಡ್ಡಿ ಎರಡು ರೂಪಾಯಿ. ಕೈಸಾಲ ಕೊಡುವವರದ್ದು ಮೂರು ರೂಪಾಯಿ. 20,000ಕ್ಕೆ ನಾಲ್ಕು ತಿಂಗಳ ಲೆಕ್ಕ ತೆಗೆದರೆ ಬ್ಯಾಂಕಿಗೆ 640, ಫೈನಾನ್ಸ್‌ಗೆ 1,600, ಕೈಸಾಲಕ್ಕೆ 2,400. ಪೈಸೆಯಲ್ಲಿ, ರೂಪಾಯಿಯಲ್ಲಿ ಹೇಳಿದಾಗ ಸಣ್ಣದಾಗಿ ಕೇಳಿಸುತ್ತದೆ, ಮೂರು ರೂಪಾಯಿ ಅಂದರೆ ವರ್ಷಕ್ಕೆ ಶೇ. 36.

ಇಷ್ಟಾದರೂ ಕಷ್ಟಕಾಲಕ್ಕೆ ಅಂತ ಹೊಸದಾಗಿ ಬಂಗಾರ ಕೊಳ್ಳುವುದು ನನಗೆ ಸರಿ ಕಾಣಲಿಲ್ಲ. 2025ರಲ್ಲಿ 10 ಗ್ರಾಂಗೆ ಲಕ್ಷ ದಾಟಿತು. ಮೇಲೆ ಶೇ. 3 ಜಿಎಸ್‌ಟಿ, ಒಡವೆಗೆ ಮಜೂರಿ ಬೇರೆ. ಅಡ ಇಡಲು ಹೋದಾಗ ಮಜೂರಿ, ಕಲ್ಲು ಯಾವುದಕ್ಕೂ ಬೆಲೆ ಇಲ್ಲ, ಚಿನ್ನದ ತೂಕಕ್ಕೆ ಮಾತ್ರ. ಅದರಲ್ಲೂ ಪೂರ್ತಿ ಕೊಡುವುದಿಲ್ಲ. ಬಹಳ ಕಾಲ ಬೆಲೆಯ ಶೇ. 75ರವರೆಗೆ ಮಿತಿ ಇತ್ತು, ಆರ್‌ಬಿಐ 2025ರ ಜೂನ್‌ನಲ್ಲಿ ಹೊರಡಿಸಿದ ನಿಯಮದಲ್ಲಿ 2.5 ಲಕ್ಷದವರೆಗಿನ ಸಾಲಕ್ಕೆ ಅದು ಶೇ. 85. ಮನೆಯಲ್ಲಿ ಇರುವ ಬಂಗಾರ ಒಳ್ಳೆಯ ಆಸರೆ, ಆದರೆ ಅಮ್ಮನನ್ನು ಕೇಳಬೇಕು. ಕೇಳುವುದೇ ನನಗೆ 640 ರೂಪಾಯಿಗಿಂತ ಭಾರ ಅನಿಸಿತು. ಫೋನಿನಲ್ಲಿ ಕೊಳ್ಳುವ ಡಿಜಿಟಲ್ ಗೋಲ್ಡ್ ತನ್ನ ನಿಯಂತ್ರಣದಲ್ಲಿಲ್ಲ ಅಂತ ಷೇರುಪೇಟೆ ನಿಯಂತ್ರಿಸುವ ಸೆಬಿ 2025ರ ನವೆಂಬರ್‌ನಲ್ಲಿ ಎಚ್ಚರಿಸಿದೆ, ಹಾಗಾಗಿ ಆ ಕಡೆ ಹೋಗಲಿಲ್ಲ.

ಸಾಲದ ಆ್ಯಪ್? ವೇಗ ನೋಡಿದರೆ ಎಲ್ಲಕ್ಕಿಂತ ಮುಂದೆ. ನಮ್ಮ ಯೂನಿಟ್‌ನ ಹುಡುಗ ಒಬ್ಬ ತೆಗೆದುಕೊಂಡಾಗ ನಾನೇ ಕೂತು ಲೆಕ್ಕ ನೋಡಿದೆ. ಪ್ರೊಸೆಸಿಂಗ್ ಫೀ, ಅದರ ಮೇಲೆ ಜಿಎಸ್‌ಟಿ ಮೊದಲೇ ಮುರಿದುಕೊಂಡು ಉಳಿದದ್ದು ಕೊಡುತ್ತಾರೆ, ಬಡ್ಡಿ ಮಾತ್ರ ಪೂರ್ತಿ ಮೊತ್ತಕ್ಕೆ. ಸಾಲ ಕೊಡುವ ಮುಂಚೆ ಎಲ್ಲಾ ಖರ್ಚು ಸೇರಿಸಿ ವರ್ಷಕ್ಕೆ ಎಷ್ಟು ಪರ್ಸೆಂಟ್ ಅಂತ ಒಂದು ಹಾಳೆಯಲ್ಲಿ ತೋರಿಸಬೇಕು ಅನ್ನುವುದು ಆರ್‌ಬಿಐ ನಿಯಮ. ಅದೊಂದು ಸಾಲು ಓದಿದರೆ ಸಾಕು. ಅವನದ್ದು ಓಣಿಯ ಮೂರು ರೂಪಾಯಿ ಬಡ್ಡಿಯನ್ನೂ ದಾಟಿತ್ತು.

ಈಗ ನಾನು ಚೀಟಿ ಬಿಟ್ಟಿಲ್ಲ, ಕೊನೆಯವರೆಗೆ ಕೂಗುವುದಿಲ್ಲ, ಅಷ್ಟೇ. ಆರ್‌ಡಿಯನ್ನು ತಿಂಗಳಿಗೆ ಸಾವಿರ ಕಟ್ಟುವ ಹೊಸ ಖಾತೆಯಿಂದ ಶುರು ಮಾಡುವ ಯೋಚನೆ ಇದೆ, ಹಳೆಯದು ಮುಗಿಯಲಿ. ಮಿಕ್ಕಿದ್ದೆಲ್ಲ ಎಫ್‌ಡಿ ತುಂಡುಗಳಿಗೆ.

ಹೀಗೆ ಎಲ್ಲವನ್ನೂ ಎಫ್‌ಡಿಗೆ ತಳ್ಳಿ ಉಳಿತಾಯ ಖಾತೆ ಬರಿದು ಮಾಡುವವರು ಒಂದು ನೋಡಿಕೊಳ್ಳಿ. ವರ್ಷಕ್ಕೆ 436 ರೂಪಾಯಿಯ ಜೀವನ್ ಜ್ಯೋತಿ ಜೀವ ವಿಮೆ, 20 ರೂಪಾಯಿಯ ಸುರಕ್ಷಾ ಬಿಮಾ ಅಪಘಾತ ವಿಮೆ, ಎರಡೂ ತಲಾ 2 ಲಕ್ಷದವು. ಬ್ಯಾಂಕಿನಲ್ಲಿ ಇವಕ್ಕೆ ಹೆಸರು ಕೊಟ್ಟಿದ್ದರೆ ದುಡ್ಡು ತಾನಾಗಿ ಕಡಿತ ಆಗುವುದು ಮೇ ಕೊನೆಯ ಹೊತ್ತಿಗೆ. ಆಗ ಖಾತೆಯಲ್ಲಿ 456 ರೂಪಾಯಿ ಇಲ್ಲದಿದ್ದರೆ ಜೂನ್ 1ರಿಂದ ವಿಮೆ ಇರುವುದಿಲ್ಲ. ಮೇ ತಿಂಗಳಲ್ಲಿ ನಾನು ಖಾತೆಯಲ್ಲಿ 500 ಮುಟ್ಟದೆ ಬಿಡುತ್ತೇನೆ.