ಇಲೆಕ್ಟಿವ್, ಎನ್‌ಪಿಟೆಲ್, ಪ್ರಾಜೆಕ್ಟ್: ಬೇಕಾದ ವಿಷಯ ಓದಲು ಮೂರು ದಾರಿ

ಹಾಸನ, ಚಿಕ್ಕಮಗಳೂರಿನ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳಲ್ಲಿ ಐದನೇ ಸೆಮಿಸ್ಟರ್ ಹತ್ತಿರ ಬಂತೆಂದರೆ ಒಂದು ಪ್ರಶ್ನೆ ಏಳುತ್ತದೆ: ಎಲ್ಲರಿಗೂ ಇರುವ ಪಾಠ ಬಿಟ್ಟು ತನಗೇ ಬೇಕಾದದ್ದನ್ನು ಓದಿ ಕ್ರೆಡಿಟ್ ಪಡೆಯುವುದು ಹೇಗೆ? ಕಾಲೇಜಿನ ಪಟ್ಟಿಯಿಂದ ಆರಿಸುವ ಇಲೆಕ್ಟಿವ್, ಐಐಟಿಗಳ ಆನ್‌ಲೈನ್ ಕೋರ್ಸಾದ ಎನ್‌ಪಿಟೆಲ್, ಗೈಡ್ ಕೆಳಗೆ ಮಾಡುವ ಪ್ರಾಜೆಕ್ಟ್: ವಿದ್ಯಾರ್ಥಿಗಳ ಜೊತೆ ಈ ಮೂರೂ ದಾರಿಗಳನ್ನು ನಡೆದು ನೋಡಿದ ಮೇಲೆ ಬರೆದ ಹೋಲಿಕೆ ಇದು.

ಮೊದಲು ವಿಷಯದ ಕೋಡ್ ಓದಲು ಬರಬೇಕು. 18ಸಿಎಸ್641 ಎಂದರೆ 2018ರ ಸ್ಕೀಮ್ (ಆ ವರ್ಷ ಜಾರಿಗೆ ಬಂದ ಪಠ್ಯಕ್ರಮ), ಕಂಪ್ಯೂಟರ್ ಸೈನ್ಸ್, ಆರನೇ ಸೆಮಿಸ್ಟರ್, ನಾಲ್ಕನೇ ವಿಷಯ, ಅದರೊಳಗೆ ಮೊದಲ ಆಯ್ಕೆ. 2022ರ ಸ್ಕೀಮಿನಲ್ಲಿ ಬಿಸಿಎಸ್515ಬಿ ಎಂದಿದ್ದರೆ ಮೊದಲ ಬಿ ಅಕ್ಷರ ಬಿಇ ಪದವಿಯದು, 5 ಸೆಮಿಸ್ಟರ್, 15 ಕ್ರಮಸಂಖ್ಯೆ, ಕೊನೆಯ ಅಕ್ಷರ ಆಯ್ಕೆ. 515ಎ ಮತ್ತು 515ಬಿ ಎರಡನ್ನೂ ತೆಗೆದುಕೊಳ್ಳಲು ಬರುವುದಿಲ್ಲ, ಎರಡೂ ಒಂದೇ ಜಾಗದ್ದು. ವರ್ಷ ಹಿಂದೆ ಬಿದ್ದು ಹೊಸ ಸ್ಕೀಮಿಗೆ ಬಂದವರು ಪರೀಕ್ಷೆ ಅರ್ಜಿಯಲ್ಲಿ ಹಳೆಯ ಕೋಡ್ ಬರೆದು ಸಿಕ್ಕಿಬೀಳುವುದು ಇಲ್ಲೇ. ಮಲ್ನಾಡ್ ಎಂಜಿನಿಯರಿಂಗ್ ಕಾಲೇಜಿನಂಥ ಸ್ವಾಯತ್ತ ಸಂಸ್ಥೆಯವರು ತಮ್ಮ ಕಾಲೇಜಿನ ಕೈಪಿಡಿಯನ್ನೇ ನೋಡಬೇಕು.

ವಿದೇಶದಲ್ಲಿ ಎಂಎಸ್ (ಸ್ನಾತಕೋತ್ತರ ಪದವಿ) ಓದಲು ಅರ್ಜಿ ಹಾಕುವವರಿಗೆ ಒಂದು ಮಾತು. ಬಿಸಿಎಸ್602ರಲ್ಲಿರುವ 6 ಸೆಮಿಸ್ಟರನ್ನು ಹೇಳುತ್ತದೆ, ಮಟ್ಟವನ್ನಲ್ಲ. ಬೇರೆ ಕಡೆ ಅಂಕಿ ಮಟ್ಟವನ್ನೇ ಹೇಳುತ್ತದೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಚೌಕಟ್ಟಿನಲ್ಲಿ 100–199 ಆರಂಭಿಕ ಹಂತ, 300–399 ಪದವಿಯ ಮೇಲಿನ ಹಂತ, 600ರ ಸಾಲು ಸ್ನಾತಕೋತ್ತರದ್ದು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 100–199 ಪದವಿಯ ಮೇಲಿನ ತರಗತಿ. ಮಾರ್ಗದರ್ಶಕರ ಕೆಳಗೆ ಒಬ್ಬರೇ ಮಾಡುವ ಅಧ್ಯಯನಕ್ಕೆ 199 ಎಂಬ ಅಂಕಿಯನ್ನೇ ಮೀಸಲಿಟ್ಟಿದ್ದಾರೆ. ನಮ್ಮಲ್ಲಿ ಅದಕ್ಕೆ ತೀರ ಹತ್ತಿರದ್ದು ಪ್ರಾಜೆಕ್ಟ್.

ಇಲೆಕ್ಟಿವ್ ಸುಲಭ, ಆದರೆ ಆಯ್ಕೆ ಹೆಸರಿಗಷ್ಟೇ. ಪ್ರೊಫೆಷನಲ್ ಇಲೆಕ್ಟಿವ್ (ತಮ್ಮ ವಿಭಾಗದ್ದೇ ಆಯ್ಕೆ ವಿಷಯ) ನಡೆಸಲು ಕನಿಷ್ಠ 10 ವಿದ್ಯಾರ್ಥಿಗಳು ಬೇಕು. ನಾಲ್ಕು ಜನ ಮಾತ್ರ ಕೇಳಿದ ವಿಷಯ ಬಿದ್ದುಹೋಗಿ ಎಲ್ಲರೂ ಒಂದೇ ತರಗತಿಯಲ್ಲಿ ಕೂರಬೇಕಾಗುತ್ತದೆ. ಪಾಸಾಗಲು ಇಂಟರ್ನಲ್‌ನಲ್ಲಿ 50ಕ್ಕೆ 20, ಸೆಮಿಸ್ಟರ್ ಪರೀಕ್ಷೆಯಲ್ಲಿ 50ಕ್ಕೆ 18, ಎರಡೂ ಸೇರಿ 40. ಮೇಷ್ಟ್ರು ಯಾರೆಂದು ಗೊತ್ತಿದ್ದರೆ ಮಾತ್ರ ಇದನ್ನು ನಂಬಿ.

ಎನ್‌ಪಿಟೆಲ್‌ನಲ್ಲಿ ವಿಷಯ ನಿಜಕ್ಕೂ ನಿಮ್ಮದೇ. ಕ್ರೆಡಿಟ್‌ಗೆ ವಾರದ ಲೆಕ್ಕ: 4 ವಾರಕ್ಕೆ 1, 8ಕ್ಕೆ 2, 12ಕ್ಕೆ 3. ಅಸೈನ್‌ಮೆಂಟ್‌ಗೆ 25, ಪರೀಕ್ಷಾ ಕೇಂದ್ರದಲ್ಲಿ ಬರೆಯುವ ಪರೀಕ್ಷೆಗೆ 75 ಅಂಕ. ಕ್ರಮವಾಗಿ 10 ಮತ್ತು 30 ಬಂದರೇ ಪ್ರಮಾಣಪತ್ರ. 12 ವಾರದ ಕೋರ್ಸಿನಲ್ಲಿ ಒಳ್ಳೆಯ ಅಂಕ ಬಂದ 8 ಅಸೈನ್‌ಮೆಂಟ್‌ಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ, ಹಾಗಾಗಿ ಇಂಟರ್ನಲ್ಸ್ ವಾರದಲ್ಲಿ ಒಂದು ತಪ್ಪಿದರೆ ಗಾಬರಿ ಬೇಡ. ಕೆಡುವುದು ಬೇರೆ ಕಡೆ. ಕೋರ್ಸಿಗೆ ಸೇರುವುದು ಉಚಿತ. ಪರೀಕ್ಷೆಗೆ ಬೇರೆಯಾಗಿ ಶುಲ್ಕ ಕಟ್ಟಿ ನೋಂದಾಯಿಸಬೇಕು, ಅದನ್ನು ಮರೆತವರೇ ಹೆಚ್ಚು. ಎರಡನೆಯದು, ವಿಶ್ವವಿದ್ಯಾಲಯ ಒಪ್ಪಿದ ಪಟ್ಟಿಯಲ್ಲಿ ಆ ಕೋರ್ಸ್ ಇಲ್ಲದಿದ್ದರೆ ಪ್ರಮಾಣಪತ್ರ ರೆಸ್ಯೂಮೆಗಷ್ಟೇ. ಸೇರುವ ಮೊದಲೇ ವಿಭಾಗದ ಮುಖ್ಯಸ್ಥರಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ.

ಗಣಿತ ತುಂಬಿದ ಸಿದ್ಧಾಂತಕ್ಕೆ ಎನ್‌ಪಿಟೆಲ್ ವಾಸಿ. ಆದರೆ ಪ್ರಶ್ನೆ ಈ ನೆಲದ್ದಾದರೆ ಪ್ರಾಜೆಕ್ಟನ್ನು ಮೀರಿಸುವುದಿಲ್ಲ. ಕಾಫಿ ಎಲೆ ನೋಡಿ ರೋಗ ಗುರುತಿಸುವ ಪ್ರೋಗ್ರಾಂ ಪ್ರತಿ ಬ್ಯಾಚಿನಲ್ಲೂ ಒಂದು ತಂಡ ಆರಿಸುವ ವಿಷಯ, ಸೋಲುವುದೂ ಹೆಚ್ಚಾಗಿ ಎರಡೇ ಕಾರಣಕ್ಕೆ. ಒಂದು, ಕಾಲ. ತುಕ್ಕು ರೋಗ ಏರುವುದು ಮುಂಗಾರು ಮುಗಿಯುವ ಹೊತ್ತಿಗೆ, ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ. ಫೆಬ್ರವರಿಯಲ್ಲಿ ತೋಟಕ್ಕೆ ಇಳಿದರೆ ಬೇಕಾದಷ್ಟು ಎಲೆ ಸಿಗದೆ ಇಂಟರ್ನೆಟ್ಟಿನ ಚಿತ್ರಗಳಿಗೇ ಶರಣು. ರೊಬಸ್ಟಾ ತೋಟಕ್ಕೆ ಹೋದವರಿಗೆ ಇನ್ನೂ ಕಷ್ಟ, ಅರೇಬಿಕಾಕ್ಕೆ ಹೋಲಿಸಿದರೆ ಅದಕ್ಕೆ ತುಕ್ಕು ತಗಲುವುದೇ ಕಡಿಮೆ. ಕಾಂಡಕೊರಕ ಹುಳುವಿನ ಮೇಲೆ ಕೆಲಸ ಮಾಡುವವರಿಗೆ ದುಂಬಿ ಹಾರುವ ಏಪ್ರಿಲ್–ಮೇ, ಅಕ್ಟೋಬರ್–ಡಿಸೆಂಬರ್ ಬಿಟ್ಟು ಬೇರೆ ದಾರಿಯಿಲ್ಲ.

ಎರಡು, ಲೆಕ್ಕದ ಮೋಸ. ಒಂದೇ ಗಿಡದ ಹತ್ತು ಫೋಟೋ ತೆಗೆದು ಏಳನ್ನು ಪ್ರೋಗ್ರಾಂನ ಕಲಿಕೆಗೆ, ಮೂರನ್ನು ಅದರ ಪರೀಕ್ಷೆಗೆ ಹಾಕಿದರೆ ನಿಖರತೆ ಆಕಾಶಕ್ಕೇರುತ್ತದೆ, ಪಕ್ಕದ ತೋಟದಲ್ಲಿ ಅದೇ ಪ್ರೋಗ್ರಾಂ ಕೈಕೊಡುತ್ತದೆ. ಚಿತ್ರಗಳನ್ನು ತೋಟದ ಲೆಕ್ಕದಲ್ಲಿ ಹಂಚಿ: ಕಲಿಕೆಗೆ ಸಕಲೇಶಪುರದ್ದು, ಪರೀಕ್ಷೆಗೆ ಮೂಡಿಗೆರೆಯದು. ರೋಗದ ಹೆಸರನ್ನು ತಂಡದವರೇ ಊಹಿಸಿ ಬರೆಯಬೇಡಿ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಂಥ ಕಡೆ ತಿಳಿದವರಿಗೆ ತೋರಿಸಿ ಖಚಿತಪಡಿಸಿಕೊಳ್ಳಿ.

ಗೈಡ್ ಹತ್ತಿರ ಹೋಗುವಾಗ ಒಂದು ಪುಟ ಸಾಕು: ಪ್ರಶ್ನೆ, ಯಾವ ತೋಟ, ಯಾವ ತಿಂಗಳು, ಎಷ್ಟು ಚಿತ್ರ, ಯಾರು ಗುರುತು ಹಾಕುತ್ತಾರೆ. ತಿಂಗಳು ಬರೆಯದ ಪುಟ ತಂದವರನ್ನು ನಾವು ತಿರುಗಿ ಕಳಿಸುತ್ತೇವೆ.