ಸ್ಟಿಕ್ಕರ್ ಹೊಸದು, ಬ್ಯಾಟರಿ ಹಳೇದು: ಪಿಕಪ್ ಇಟ್ಟುಕೊಂಡವರು ಸ್ವಲ್ಪ ಓದಿ

ಮಂಡಗದ್ದೆಯಲ್ಲಿ ಚಾ ಕುಡಿಯೋಣ ಅಂತ ಗಾಡಿ ಆಫ್ ಮಾಡಿದ್ದೇ ತಪ್ಪಾಯಿತು. ಡಿಸೆಂಬರ್ ತಿಂಗಳು, ಬೆಳಿಗ್ಗೆ ಆರೂವರೆ. ಹಿಂದೆ 18 ಚೀಲ ರಾಶಿ ಅಡಿಕೆ. ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗ ಮಂಡಿಗೆ ಹೊರಟಿದ್ದೆ. ಹತ್ತು ನಿಮಿಷ ಬಿಟ್ಟು ಬಂದು ಕೀ ತಿರುಗಿಸಿದರೆ 'ಟಕ್' ಅಂತ ಒಂದು ಸದ್ದು, ಅಷ್ಟೇ. ಇನ್ನೊಂದು ಸಲ ತಿರುಗಿಸಿದೆ. 'ಟಕಟಕಟಕ'. ಮೀಟರ್ ಲೈಟೂ ಮಂಕಾಯಿತು. ಆ ಬ್ಯಾಟರಿ ಹಾಕಿಸಿ ಬರೀ ಐದು ವಾರ ಆಗಿತ್ತು.

ಲೋಡ್ ತುಂಬಿದ ಪಿಕಪ್ ದೂಡುವುದು ಅಂದರೆ ತಮಾಷೆಯಲ್ಲ. ಚಾ ಅಂಗಡಿಯಲ್ಲಿದ್ದವರು, ಹಾಲಿನ ಗಾಡಿಯವರು, ನಾನು, ಒಟ್ಟು ಏಳು ಜನ ಸೇರಿ ದೂಡಿದರೂ ಎಂಜಿನ್ ಹಿಡಿಯಲಿಲ್ಲ. ಕೊನೆಗೆ ಒಬ್ಬ ಲಾರಿಯವನು ಕೇಬಲ್ ಕೊಟ್ಟು ಸ್ಟಾರ್ಟ್ ಮಾಡಿಸಿದ. ಮಂಡಿ ಮುಟ್ಟುವಾಗ ಆ ದಿನದ ವ್ಯಾಪಾರ ಮುಗಿದಿತ್ತು.

ಈಗ ಹಿಂದಿನ ಕಥೆ. ದೀಪಾವಳಿ ಕಳೆದ ಮೇಲೆ ಹಳೇ ಬ್ಯಾಟರಿ ಸುಸ್ತಾಗಿತ್ತು. ನಾಲ್ಕು ವರ್ಷ ದುಡಿದಿತ್ತು, ಅದರ ತಪ್ಪೇನಿಲ್ಲ. ಕಂಪನಿ ಡೀಲರ್ ಹತ್ತಿರ ಕೇಳಿದರೆ ಹಳೇದು ಕೊಟ್ಟು ಮೇಲೆ 7,200 ಅಂದರು. ಕೊಯ್ಲು ಶುರುವಾಗಿ ಕೂಲಿಗೇ ದುಡ್ಡು ಸಾಲದ ಹೊತ್ತು. ಅಷ್ಟರಲ್ಲಿ ಪೇಟೆಯ ಇನ್ನೊಂದು ಅಂಗಡಿಯವನು, "ಅದೇ ಸೈಜು, ಒಂದು ವರ್ಷ ಗ್ಯಾರಂಟಿ, 3,800 ಕೊಡಿ ಸಾಕು ಗೌಡ್ರೇ" ಅಂದ. ನನಗೂ ಅನುಮಾನ ಇಲ್ಲದೆ ಇರಲಿಲ್ಲ. ಅದಕ್ಕೇ ಮೀಟರ್ ಹಿಡಿದು ತೋರಿಸಿ ಅಂದೆ. ತೋರಿಸಿದ. 12.6 ವೋಲ್ಟ್. ಅಲ್ಲೇ ನಾನು ಬಿದ್ದೆ.

12.6 ಅಂದರೆ ಪೂರ್ತಿ ಚಾರ್ಜ್ ಆದ ಬ್ಯಾಟರಿಯ ಲೆಕ್ಕವೇ, ಅದು ಸುಳ್ಳಲ್ಲ. 12.2ಕ್ಕೆ ಬಂದರೆ ಅರ್ಧ ಖಾಲಿ, 12ಕ್ಕಿಂತ ಕೆಳಗಿಳಿದರೆ ಹೆಚ್ಚುಕಡಿಮೆ ಬರಿದು. ಆದರೆ ಅದು ಸುಮ್ನೆ ಕೂತ ಬ್ಯಾಟರಿಯ ಲೆಕ್ಕ. ರಾತ್ರಿಯಿಡೀ ಚಾರ್ಜಿಗೆ ಹಾಕಿದರೆ ಮುದಿ ಬ್ಯಾಟರಿಯೂ ಬೆಳಿಗ್ಗೆ 12.6 ತೋರಿಸುತ್ತದೆ. ಕೆಲಸ ಕೊಟ್ಟಾಗ ಎಷ್ಟು ನಿಲ್ಲುತ್ತದೆ ಅನ್ನುವುದೇ ಮುಖ್ಯ. ಡೀಸೆಲ್ ಗಾಡಿಗಂತೂ ಇದು ಇನ್ನೂ ಜಾಸ್ತಿ. ಪೆಟ್ರೋಲ್ ಗಾಡಿಯ ಹಾಗೆ ಇಲ್ಲಿ ಪ್ಲಗ್ಗಿನ ಕಿಡಿ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡಿ, ಆ ಬಿಸಿಗೇ ಡೀಸೆಲ್ ಹತ್ತಿಕೊಳ್ಳಬೇಕು. ಅಷ್ಟು ಒತ್ತಡದ ಎದುರು ಎಂಜಿನ್ ತಿರುಗಿಸುವಾಗ ಸೆಲ್ಫ್ ಮೋಟರ್ ನೂರಾರು ಆಂಪಿಯರ್ ಎಳೆಯುತ್ತದೆ. ಚಳಿಗೆ ಆಯಿಲ್ ಬೇರೆ ಗಟ್ಟಿಯಾಗಿರುತ್ತದೆ. ಸ್ಟಾರ್ಟ್ ಆಗುವ ಮುಂಚೆ ಎಂಜಿನ್ ಒಳಗೆ ಬಿಸಿ ಮಾಡುವ ಹೀಟರ್ ಇದ್ದರೆ ಅದಕ್ಕೂ ಕರೆಂಟ್ ಬೇಕು.

ಮೊದಲ ಐದು ವಾರ ನನಗೆ ಏನೂ ಗೊತ್ತಾಗಲಿಲ್ಲ, ಅದಕ್ಕೆ ಕಾರಣ ನಮ್ಮ ಮನೆ ಅಂಗಳ. ನಮ್ಮ ಕಡೆ ಸಮತಟ್ಟಾದ ಅಂಗಳ ಯಾರಿಗಿದೆ ಹೇಳಿ? ಇಳಿಜಾರಿನಲ್ಲಿ ಗಾಡಿ ಬಿಟ್ಟು, ಎರಡನೇ ಗೇರ್ ಹಾಕಿ ಕ್ಲಚ್ ಬಿಡುವುದು ಅಪ್ಪನ ಕಾಲದಿಂದ ಬಂದ ಅಭ್ಯಾಸ. ಸೆಲ್ಫ್ ನಿಧಾನವಾಗಿ ತಿರುಗುತ್ತಿದ್ದದ್ದು ನಾಲ್ಕೈದು ಸಲ ಕಿವಿಗೆ ಬಿದ್ದಿತ್ತು. ಚಳಿ ಅಂತ ಸುಮ್ಮನಾದೆ.

ಮಂಡಗದ್ದೆಯ ರಾಮಾಯಣ ಆದ ಮಾರನೇ ದಿನ ಅಂಗಡಿಗೆ ಹೋದೆ. "ನೀವು ಲೈಟ್ ಹಾಕಿಟ್ಟಿರ್ತೀರಿ, ಇಲ್ಲಾಂದ್ರೆ ಡೈನಮೋ ಹೋಗಿರುತ್ತೆ" ಅಂದ. ಡೈನಮೋ ಅಂದರೆ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಭಾಗ. ಒಂದು ದಿನ ಇಟ್ಟುಕೊಂಡು ಚಾರ್ಜ್ ಮಾಡಿ ಕೊಟ್ಟ, ಅದಕ್ಕೂ 150 ತೆಗೆದುಕೊಂಡ. ನಾಲ್ಕನೇ ದಿನಕ್ಕೆ ಮತ್ತೆ ಅದೇ 'ಟಕಟಕ'. ಗ್ಯಾರಂಟಿ ಅಂದರೆ ಬಾಯಿಮಾತು. ಬಿಲ್ ಅಂತ ಕೊಟ್ಟ ಚೀಟಿಯಲ್ಲಿ 'ಬ್ಯಾಟರಿ 1' ಅಂತ ಇತ್ತು, ಪಕ್ಕದಲ್ಲಿ ಮೊತ್ತ. ಯಾವ ಕಂಪನಿ, ಯಾವ ನಂಬರ್, ಒಂದೂ ಇಲ್ಲ. ಜಗಳ ಆಡೋಕೂ ಕೈಯಲ್ಲಿ ಕಾಗದ ಬೇಕಲ್ಲ.

ಆಮೇಲೆ ನಮ್ಮ ಊರ ಹತ್ತಿರದ ಗಾಡಿ ವೈರಿಂಗ್ ಕೆಲಸದವರ ಹತ್ತಿರ ಹೋದೆ. ಅವರು ಮೊದಲು ಎಂಜಿನ್ ಓಡುವಾಗ ಅಳೆದರು. 14.2 ವೋಲ್ಟ್. 13.8ರಿಂದ 14.5ರ ಒಳಗಿದ್ದರೆ ಡೈನಮೋ ಸರಿ ಇದೆ ಅಂತ ಲೆಕ್ಕ. ಆಮೇಲೆ ಎಂಜಿನ್ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಲೋಡ್ ಟೆಸ್ಟರ್ ಹಚ್ಚಿದರು, ಅಂದರೆ ಬ್ಯಾಟರಿಯಿಂದ ಜೋರಾಗಿ ಕರೆಂಟ್ ಎಳೆದು ವೋಲ್ಟ್ ಎಷ್ಟು ನಿಲ್ಲುತ್ತದೆ ಅಂತ ತೋರಿಸುವ ಮೀಟರ್. ಮುಳ್ಳು 12ರಿಂದ ಜಾರಿ ಮೂರು ನಾಲ್ಕು ಸೆಕೆಂಡಿನಲ್ಲಿ 8ಕ್ಕೆ ಬಂತು. ಲೋಡ್ ಬಿದ್ದಾಗಲೂ 9.6ರ ಮೇಲೆ ನಿಲ್ಲಬೇಕಂತೆ. ಬ್ಯಾಟರಿಯ ಒಳಗೆ ಸೆಲ್ ಅನ್ನುವ ಆರು ಮನೆಗಳಿರುತ್ತವೆ. ಅವುಗಳ ಮುಚ್ಚಳ ತೆಗೆದು, ಆಸಿಡ್ ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಹೈಡ್ರೋಮೀಟರ್ ಅದ್ದಿದರು. ಐದು ಸೆಲ್ಲಿನಲ್ಲಿ 1.240ರ ಆಸುಪಾಸು, ಒಂದರಲ್ಲಿ 1.150. ಒಳ್ಳೇ ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ ಆರೂ ಸೆಲ್ಲಿನಲ್ಲಿ 1.265ರಿಂದ 1.280 ಬರಬೇಕು. ಒಂದು ಸೆಲ್ ಕೂತರೆ ಉಳಿದ ಐದು ಇದ್ದೂ ಇಲ್ಲದ ಹಾಗೆ, ಯಾಕೆಂದರೆ ಆರೂ ಒಂದೇ ಸರದಲ್ಲಿವೆ.

ಕೊನೆಗೆ ಅವರು ಉಗುರಲ್ಲಿ ಸ್ಟಿಕ್ಕರಿನ ಮೂಲೆ ಎಬ್ಬಿಸಿದರು. ಕೆಳಗೆ ಇನ್ನೊಂದು ಸ್ಟಿಕ್ಕರಿನ ಅಂಟು. ಡಬ್ಬದ ಮೇಲೆ ಅಚ್ಚೊತ್ತಿದ್ದ ನಂಬರನ್ನು ಉಜ್ಜಿ ಅಳಿಸಿದ ಗುರುತು. ಟರ್ಮಿನಲ್ಲಿನ ಸೀಸವನ್ನು ಮತ್ತೆ ಕರಗಿಸಿ ಕೂರಿಸಿದ್ದರು. ಗುಜರಿಗೆ ಹೋಗಬೇಕಿದ್ದ ಬ್ಯಾಟರಿಗೆ ಆಸಿಡ್ ಬದಲಿಸಿ, ತೊಳೆದು, ಬಣ್ಣ ಕಟ್ಟಿ ಕೊಟ್ಟಿದ್ದರು ನನಗೆ.

ಹಾಗಂತ ದುಡ್ಡು ಉಳಿಸಬೇಡಿ ಅಂತ ನಾನು ಹೇಳುವುದಿಲ್ಲ. ಎಲ್ಲಿ ಉಳಿಸಬೇಕೋ ಅಲ್ಲಿ ಉಳಿಸಿ. ಒಂದೇ ಕಂಪನಿಯಲ್ಲಿ ಜಾಸ್ತಿ ತಿಂಗಳ ವಾರಂಟಿಯದ್ದೂ ಇರುತ್ತದೆ, ಕಡಿಮೆ ತಿಂಗಳದ್ದೂ ಇರುತ್ತದೆ. ಕಡಿಮೆಯದ್ದು ಅಗ್ಗ. ಅದು ತಗೊಳ್ಳಿ, ನನ್ನ ತಕರಾರಿಲ್ಲ. ವಾರಂಟಿಯಲ್ಲೂ ಎಷ್ಟು ತಿಂಗಳು ಪೂರ್ತಿ ಬದಲಿ, ಎಷ್ಟು ತಿಂಗಳು ಬರೀ ರಿಯಾಯಿತಿ ಅಂತ ಬಿಡಿಸಿ ಕೇಳಿ. ಹಳೇ ಬ್ಯಾಟರಿಗೆ ಎಷ್ಟು ಹಿಡಿಯುತ್ತೀರಿ ಅಂತ ಎರಡು ಮೂರು ಕಡೆ ವಿಚಾರಿಸಿ. ಅದರಲ್ಲಿರುವ ಸೀಸಕ್ಕೆ ಬೆಲೆ ಇದೆ, ಕೆಲವರು ಕೇಳದಿದ್ದರೆ ಹೇಳುವುದೇ ಇಲ್ಲ. ಆಂಪಿಯರ್‌ನಲ್ಲಿ, ಅಂದರೆ ಬ್ಯಾಟರಿಯ ಮೇಲೆ Ah ಅಂತ ಬರೆದಿರುವ ಲೆಕ್ಕದಲ್ಲಿ ಮಾತ್ರ ಉಳಿಸಬೇಡಿ. ಗಾಡಿಯ ಪುಸ್ತಕದಲ್ಲಿ ಎಷ್ಟು ಹೇಳಿದೆಯೋ ಅದಕ್ಕಿಂತ ಚಿಕ್ಕದು ಬೇಡ. ಪ್ಲಸ್ ಟರ್ಮಿನಲ್ ಎಡಕ್ಕೋ ಬಲಕ್ಕೋ ಅಂತಲೂ ನೋಡಿ, ಇಲ್ಲದಿದ್ದರೆ ಕೇಬಲ್ ಎಟುಕುವುದಿಲ್ಲ.

ಡಬ್ಬದ ಮೇಲಿನ ನಂಬರೂ ವಾರಂಟಿ ಕಾರ್ಡಿನ ನಂಬರೂ ಒಂದೇ ಇರಬೇಕು, ಅದೇ ನಂಬರ್ ಬಿಲ್ಲಿನಲ್ಲೂ ಬರೆಸಿಕೊಳ್ಳಿ. ತಯಾರಾದ ತಿಂಗಳು ಯಾವುದು ಅಂತ ಕೇಳಿ. ಬ್ಯಾಟರಿ ಸುಮ್ನೆ ಕೂತರೂ ತಿಂಗಳು ತಿಂಗಳೂ ಸ್ವಲ್ಪ ಸ್ವಲ್ಪ ಚಾರ್ಜ್ ಇಳಿಯುತ್ತದೆ, ವರ್ಷಗಟ್ಟಲೆ ಅಟ್ಟದಲ್ಲಿದ್ದದ್ದು ಹೊಸದಲ್ಲ. ಲೋಡ್ ಟೆಸ್ಟ್ ಮಾಡಿ ಅಂದಾಗ ಅಂಗಡಿಯವನು ಮುಖ ಗಂಟಿಕ್ಕಿದರೆ ಎದ್ದು ಬನ್ನಿ.

ನಮ್ಮ ಪಕ್ಕದ ಮನೆಯವರು ಇನ್ನೊಂದು ಉಪಾಯ ಮಾಡಿದ್ದರು, ಮನೆಯ ಇನ್ವರ್ಟರ್ ಬ್ಯಾಟರಿಯನ್ನೇ ಗಾಡಿಗೆ ಕಟ್ಟೋದು. ಅದರ ದಪ್ಪ ಪ್ಲೇಟುಗಳು ಗಂಟೆಗಟ್ಟಲೆ ನಿಧಾನವಾಗಿ ಕರೆಂಟ್ ಕೊಡೋಕೆ ಇರುವುದು. ಒಂದೇ ಏಟಿಗೆ ನೂರಾರು ಆಂಪಿಯರ್ ಕೊಡುವುದು ಅದರ ಕೆಲಸ ಅಲ್ಲ. ಆಸೆಗೆ ಬೀಳಬೇಡಿ. ಇನ್ನೊಂದು, ಹೊಸದು ಹಾಕಿಸಿದ ಮೇಲೆ ಬ್ಯಾಟರಿಯನ್ನು ಹಿಡಿದಿಡುವ ಪಟ್ಟಿಯ ಬೋಲ್ಟ್ ಬಿಗಿ ಇದೆಯೋ ಇಲ್ಲವೋ ನೀವೇ ಅಲುಗಾಡಿಸಿ ನೋಡಿ. ಸಡಿಲ ಇದ್ದರೆ ನಮ್ಮ ತೋಟದ ರಸ್ತೆಯ ಕುಲುಕಾಟಕ್ಕೆ ಒಳಗಿನ ಪ್ಲೇಟಿನ ಲೇಪವೇ ಉದುರುತ್ತದೆ.

ಕಡೆಗೂ 7,200ರ ಡೀಲರ್ ಹತ್ತಿರವೇ ಹೋದೆ. ಮೋಸದ ಬ್ಯಾಟರಿಯನ್ನೇ ಎಕ್ಸ್‌ಚೇಂಜಿಗೆ ಇಟ್ಟೆ. ಹುಡುಗ ತಕ್ಕಡಿಗೆ ಹಾಕಿ ನೋಡಿ ಯಜಮಾನರ ಮುಖ ನೋಡಿದ. ಈ ಸೈಜಿಗೆ ಇರಬೇಕಾದ್ದಕ್ಕಿಂತ ಎರಡೂವರೆ ಕಿಲೋ ಕಮ್ಮಿ. "ಗೌಡ್ರೇ, ಇದಕ್ಕೆ ಅಷ್ಟು ಬರಲ್ಲ" ಅಂದರು ಯಜಮಾನರು. ಮೇಲೆ ಇನ್ನೂ 300 ಎಣಿಸಿ ಕೊಟ್ಟೆ.