ಎಂಟು ತಿಂಗಳ ಫೈಬರ್ ಸಂಪರ್ಕ: ವೇಗವಿದೆ, ಆದರೆ ಎಲ್ಲ ತಾಣಗಳಿಗೂ ಇಲ್ಲ

ಸಾಗರದ ನಮ್ಮ ಮನೆಗೆ ಫೈಬರ್ ಸಂಪರ್ಕ ಹಾಕಿಸಿ ಎಂಟು ತಿಂಗಳಾಯಿತು. ದೊಡ್ಡ ಕಂಪನಿಯೊಂದರ ಪರವಾಗಿ ಊರಿನ ಕೇಬಲ್ ಟಿ.ವಿ.ಯವರೇ ಕೊಡುವ ಸೇವೆಯಿದು. 100 ಎಂಬಿಪಿಎಸ್ ಪ್ಯಾಕ್‌ಗೆ ತಿಂಗಳಿಗೆ 599 ರೂಪಾಯಿ, ಶೇ 18ರ ಜಿಎಸ್‌ಟಿ ಸೇರಿದರೆ ಸುಮಾರು 707. ಮಳೆಗಾಲದಲ್ಲಿ ಕೊಂಬೆ ಮುರಿದು ಬಿದ್ದು ಎರಡು ಬಾರಿ ತಂತಿ ತುಂಡಾದಾಗ, ಎರಡೂ ಸಲ ಮರುದಿನ ಸಂಜೆಯೊಳಗೆ ಹುಡುಗರು ಬಂದು ಜೋಡಿಸಿ ಹೋದರು. ಮಲೆನಾಡಿನ ಮಳೆಯಲ್ಲಿ ಕಂಬ ಹತ್ತಿ ಕೆಲಸ ಮಾಡುವ ಅವರ ಬಗ್ಗೆ ನನಗೆ ಗೌರವವಿದೆ, ಈ ವಿಮರ್ಶೆಯಲ್ಲಿ ಅವರ ಮೇಲೆ ಒಂದು ದೂರೂ ಇಲ್ಲ.

ದೂರಿರುವುದು ಬೇರೆಡೆ. ನಾವು ಕೆಲವು ಗೆಳೆಯರು ಹಳೆಯ ತಾಳಮದ್ದಳೆ ಕ್ಯಾಸೆಟ್‌ಗಳ ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಿ, ಬೆಂಗಳೂರಿನ ಒಂದು ಸಣ್ಣ ಸರ್ವರ್‌ನಲ್ಲಿ ಇಟ್ಟಿದ್ದೇವೆ. ರಾತ್ರಿ ಒಂಬತ್ತು ಗಂಟೆಗೆ ನಮ್ಮ ಮನೆಯ ಟಿ.ವಿ.ಯಲ್ಲಿ ಯೂಟ್ಯೂಬ್‌ನ ಅತ್ಯುನ್ನತ ಗುಣಮಟ್ಟದ ವಿಡಿಯೊ ಒಮ್ಮೆಯೂ ನಿಲ್ಲದೆ ಓಡುತ್ತದೆ. ಅದೇ ಹೊತ್ತಿಗೆ, ಅದೇ ರೂಟರಿನಿಂದ, ನಮ್ಮ ಸಂಗ್ರಹದ 80 ಎಂಬಿ ಗಾತ್ರದ ಒಂದು ಪ್ರಸಂಗವನ್ನು ಇಳಿಸಿಕೊಳ್ಳಲು 22 ನಿಮಿಷ ಬೇಕಾಯಿತು. ಬೆಳಿಗ್ಗೆ ಆರಕ್ಕೆ ಅದೇ ಕಡತ ಅರ್ಧ ನಿಮಿಷವೂ ತೆಗೆದುಕೊಳ್ಳಲಿಲ್ಲ. ಒಂದು ವಾರ ದಿನವೂ ಗಡಿಯಾರ ನೋಡಿ ಬರೆದಿಟ್ಟುಕೊಂಡೆ, ರಾತ್ರಿಯ ಪಾಡು ಪ್ರತಿದಿನವೂ ಹೀಗೆಯೇ ಇತ್ತು. ಆ ನಿಧಾನದ ಮಧ್ಯೆಯೂ ಸ್ಪೀಡ್ ಟೆಸ್ಟ್ 96 ಎಂಬಿಪಿಎಸ್ ತೋರಿಸುತ್ತಿತ್ತು.

ಇದರ ಮರ್ಮ ಅರ್ಥವಾಗಲು ಸ್ವಲ್ಪ ಕಾಲ ಹಿಡಿಯಿತು. ಸ್ಪೀಡ್ ಟೆಸ್ಟ್ ಸಾಮಾನ್ಯವಾಗಿ ನಮಗೆ ಹತ್ತಿರದ, ಎಷ್ಟೋ ಬಾರಿ ಸೇವಾದಾತರ ಜಾಲದೊಳಗೇ ಇರುವ ಸರ್ವರ್ ಜತೆ ಮಾತನಾಡುತ್ತದೆ, ಹಾಗಾಗಿ ಆ ಜಾಲದಿಂದ ಹೊರಗೆ ಹೋಗುವ ದಾರಿ ಎಷ್ಟು ಕಿಕ್ಕಿರಿದಿದೆ ಎಂಬುದನ್ನು ಅದು ಹೇಳುವುದಿಲ್ಲ. ದೊಡ್ಡ ವಿಡಿಯೊ ಕಂಪನಿಗಳು ತಮ್ಮ ಸಾಮಗ್ರಿಯ ಪ್ರತಿಗಳನ್ನು ಸೇವಾದಾತರ ಕಟ್ಟಡಗಳಲ್ಲೇ ಇರಿಸಿರುವುದರಿಂದ ಅವರ ವಿಡಿಯೊ ಆ ಹೊರದಾರಿಯನ್ನು ತುಳಿಯಬೇಕಾಗಿಯೇ ಇಲ್ಲ. ನಮ್ಮ ಸಣ್ಣ ಸರ್ವರ್‌ಗೆ ಆ ಸೌಕರ್ಯವಿಲ್ಲ. ದತ್ತಾಂಶ ಯಾವ ದಾರಿಯಲ್ಲಿ ಹೋಗುತ್ತದೆಂದು ತೋರಿಸುವ ಟ್ರೇಸ್‌ರೂಟ್ ಎಂಬ ಉಪಕರಣ ಹಾಕಿ ನೋಡಿದಾಗ, ಸಾಗರದಿಂದ ಬೆಂಗಳೂರಿಗೆ ಹೋಗಬೇಕಾದ ದತ್ತಾಂಶ ಮುಂಬೈಗೆ ಹೋಗಿ ಬೆಂಗಳೂರಿಗೆ ಮರಳುತ್ತಿರುವುದು ಕಂಡಿತು, ರಾತ್ರಿ ಹೊತ್ತು ಆ ಮುಂಬೈ ಹಂತದಲ್ಲೇ ವಿಳಂಬ 30 ಮಿಲಿಸೆಕೆಂಡಿನಿಂದ 240ಕ್ಕೆ ಏರುತ್ತಿತ್ತು. ಸಂಪರ್ಕವನ್ನು ಇನ್ನೊಂದು ಸರ್ವರ್ ಮೂಲಕ ಹಾಯಿಸುವ ವಿಪಿಎನ್ ಹಾಕಿ ಬೇರೆ ದಾರಿಯಲ್ಲಿ ಕಳಿಸಿದರೆ ಅದೇ ಕಡತ ಮೂರು ನಿಮಿಷದಲ್ಲಿ ಬಂತು. ಅಂದರೆ ತೊಂದರೆ ನಮ್ಮ ಸರ್ವರ್‌ನದೂ ಅಲ್ಲ, ಮನೆಯ ತಂತಿಯದೂ ಅಲ್ಲ.

ಗ್ರಾಹಕ ಸೇವೆಗೆ ಕರೆ ಮಾಡಿದೆ. ಮೂರನೆಯ ಕರೆಯಲ್ಲಿ ಸಿಕ್ಕ ತಾಂತ್ರಿಕ ಸಿಬ್ಬಂದಿ ಸೌಜನ್ಯದಿಂದಲೇ ಹೇಳಿದರು: “ಸರ್, ಆ ಸೈಟಿನವರು ನಮ್ಮ ಹೆಡ್ ಆಫೀಸಿನ ಜೊತೆ ಮಾತಾಡಿ ಒಪ್ಪಂದ ಮಾಡ್ಕೊಂಡ್ರೆ ಸ್ಪೀಡ್ ಸರಿಯಾಗುತ್ತೆ. ದೊಡ್ಡೋರೆಲ್ಲ ಹಾಗೇ ಮಾಡೋದು.” ಫೋನಿಟ್ಟ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ತಿಂಗಳಿಗೆ 707 ರೂಪಾಯಿ ಕೊಟ್ಟು ನಾನು ಕೊಂಡದ್ದು ಇಡೀ ಅಂತರ್ಜಾಲಕ್ಕೆ ದಾರಿ. ಹಾಗಿರುವಾಗ ಕ್ಯಾಸೆಟ್ ಉಳಿಸುವವರೂ ಅದೇ ದಾರಿಗೆ ಇನ್ನೊಮ್ಮೆ ಸುಂಕ ಕಟ್ಟಬೇಕೆನ್ನುವುದು ಯಾವ ನ್ಯಾಯ?

ನೆಟ್ ನ್ಯೂಟ್ರಾಲಿಟಿ (ಸೇವಾದಾತರು ಎಲ್ಲ ತಾಣಗಳನ್ನೂ ಸಮನಾಗಿ ಕಾಣಬೇಕೆಂಬ ತತ್ವ) ಎಂದು ಹತ್ತು ವರ್ಷದ ಹಿಂದೆ ನಮ್ಮ ದೇಶದಲ್ಲಿ ಇಷ್ಟೊಂದು ಚರ್ಚೆಯಾದದ್ದು ಇದೇ ಕಾರಣಕ್ಕೆ. 2015ರ ಏಪ್ರಿಲ್‌ನಲ್ಲಿ ಏರ್‌ಟೆಲ್ ಝೀರೊ ಎಂಬ ಯೋಜನೆ ಬಂತು: ಆ್ಯಪ್‌ನ ಕಂಪನಿ ಹಣ ಕೊಟ್ಟರೆ ಬಳಕೆದಾರರಿಗೆ ಆ ಆ್ಯಪ್‌ನ ಡೇಟಾ ಉಚಿತ. ಅದರ ಬಗ್ಗೆ ಮಾತುಕತೆಯಲ್ಲಿದ್ದ ಬೆಂಗಳೂರಿನ ಫ್ಲಿಪ್‌ಕಾರ್ಟ್ ಜನರ ವಿರೋಧ ಕಂಡು ಹಿಂದೆ ಸರಿಯಿತು. ಆಯ್ದ ಕೆಲವೇ ತಾಣಗಳನ್ನು ಉಚಿತವಾಗಿ ಕೊಡುವ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ವಿರುದ್ಧ ಐಐಟಿಗಳ ಮತ್ತು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಸೇರಿ ಹೇಳಿಕೆ ಹೊರಡಿಸಿದರು. ಕೊನೆಗೆ 2016ರ ಫೆಬ್ರುವರಿ 8ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ತಾಣ ನೋಡಿ ಡೇಟಾ ದರ ಬದಲಿಸುವುದನ್ನೇ ನಿಷೇಧಿಸಿತು. ಮೀರಿದವರಿಗೆ ದಿನಕ್ಕೆ 50,000 ರೂಪಾಯಿ, ಒಟ್ಟು 50 ಲಕ್ಷದವರೆಗೆ ದಂಡ. 2018ರಲ್ಲಿ ಸರ್ಕಾರ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಡೆಯುವುದು, ನಿಧಾನ ಮಾಡುವುದು, ಕೆಲವರಿಗೆ ಮಾತ್ರ ಹೆಚ್ಚಿನ ವೇಗ ಕೊಡುವುದು ಇವೆಲ್ಲ ಸಲ್ಲದೆಂಬ ಟ್ರಾಯ್ ಶಿಫಾರಸನ್ನು ಒಪ್ಪಿತು. ಆದರೆ ಜಾಲದೊಳಗೆ ಪ್ರತಿ ಇರಿಸುವ ಏರ್ಪಾಡನ್ನು ಆ ನಿಯಮದಿಂದ ಹೊರಗಿಡಲಾಗಿದೆ. ಅದು ತಪ್ಪೆಂದು ನಾನು ಹೇಳುವುದಿಲ್ಲ, ಅದರಿಂದ ಎಲ್ಲರ ದಟ್ಟಣೆಯೂ ತಗ್ಗುತ್ತದೆ. ನನ್ನ ಆಕ್ಷೇಪವಿರುವುದು, ಆ ಏರ್ಪಾಡು ಇದೆಯೆಂಬ ಧೈರ್ಯದಲ್ಲಿ ಉಳಿದವರ ದಾರಿಯನ್ನು ಅಗಲ ಮಾಡದೆ ಬಿಡುವುದಕ್ಕೆ.

ದಟ್ಟಣೆಗೆ ಕಾರಣರಾದ ದೊಡ್ಡ ಕಂಪನಿಗಳು ಜಾಲದ ಖರ್ಚಿನಲ್ಲಿ ಪಾಲು ಕೊಡಲಿ ಎಂದು ನಮ್ಮ ಟೆಲಿಕಾಂ ಕಂಪನಿಗಳು ಈಗ ಮತ್ತೆ ಕೇಳುತ್ತಿವೆ. ಜಾಲ ಕಟ್ಟಲು ಅವರಿಗೆ ಅಪಾರ ಖರ್ಚಿದೆಯೆಂಬುದು ನಿಜ. ಆದರೆ ದಕ್ಷಿಣ ಕೊರಿಯಾವನ್ನು ನೋಡಬೇಕು. ದತ್ತಾಂಶ ಕಳಿಸುವ ಜಾಲವೇ ಹಣ ತೆರಬೇಕೆಂಬ ನಿಯಮ ಅಲ್ಲಿ ಸೇವಾದಾತರ ನಡುವೆ 2016ರಲ್ಲಿ ಬಂತು. 2024ರ ಫೆಬ್ರುವರಿಯಲ್ಲಿ ವಿಡಿಯೊ ನೇರಪ್ರಸಾರದ ತಾಣ ಟ್ವಿಚ್, ಇತರ ಬಹುತೇಕ ದೇಶಗಳಿಗಿಂತ ಹತ್ತು ಪಟ್ಟು ಹೆಚ್ಚು ಜಾಲ ಶುಲ್ಕ ತೆರಬೇಕಾಗಿದೆ ಎಂದು ಹೇಳಿ ಆ ದೇಶದ ವ್ಯವಹಾರವನ್ನೇ ಮುಚ್ಚಿತು. ಅಮೆಜಾನ್ ಒಡೆತನದ ಕಂಪನಿಗೇ ಭಾರವಾದದ್ದನ್ನು ನಮ್ಮಂಥ ಹವ್ಯಾಸಿಗಳು ಹೊರುವುದು ಆಗದ ಮಾತು.

ಗ್ರಾಹಕ ಸೇವೆಯ ಉತ್ತರವನ್ನು ಒಪ್ಪದೆ, ಟ್ರೇಸ್‌ರೂಟ್‌ನ ಚಿತ್ರಗಳನ್ನೂ ವಾರದ ಸಮಯಪಟ್ಟಿಯನ್ನೂ ಲಗತ್ತಿಸಿ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆದೆ. ದೂರಿಗೆ ಡಾಕೆಟ್ ಸಂಖ್ಯೆ (ದೂರಿನ ನೋಂದಣಿ ಸಂಖ್ಯೆ) ಇದ್ದರೆ ಮಾತ್ರ ಮೇಲ್ಮನವಿ ಸುಲಭವಾಗಿ ಮುಂದೆ ಹೋಗುತ್ತದೆ, ಅದನ್ನು ಮರೆಯದೆ ಕೇಳಿ ಪಡೆಯಬೇಕು. ಸುಮಾರು ಮೂರು ವಾರಗಳ ಬಳಿಕ ನಮ್ಮ ಸರ್ವರಿನ ದಾರಿ ಬದಲಾಯಿತು. ಮುಂಬೈ ಸುತ್ತು ತಪ್ಪಿತು, ರಾತ್ರಿ ಒಂಬತ್ತಕ್ಕೆ ಅದೇ ಪ್ರಸಂಗ ಈಗ ಒಂದು ನಿಮಿಷದೊಳಗೆ ಬರುತ್ತದೆ. ಅಲ್ಲಿಗೆ, ಒಪ್ಪಂದವಿಲ್ಲದೆಯೂ ಸರಿಪಡಿಸಬಹುದಾಗಿತ್ತು ಎಂದಾಯಿತಲ್ಲವೆ? ಇತರ ಸಣ್ಣ ತಾಣಗಳಲ್ಲಿ ಎರಡು ಮಾತ್ರ ಇನ್ನೂ ರಾತ್ರಿ ಹೊತ್ತು ತೆವಳುತ್ತಿವೆ, ಅವುಗಳ ಬಗ್ಗೆಯೂ ಬರೆದಿದ್ದೇನೆ.

ತಂತಿ ಮತ್ತು ದುರಸ್ತಿಗೆ ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ. ಎಲ್ಲ ತಾಣಗಳನ್ನೂ ಸಮನಾಗಿ ತಲುಪಿಸುವ ವಿಷಯದಲ್ಲಿ ಎರಡಕ್ಕಿಂತ ಹೆಚ್ಚು ಕೊಡಲು ಮನಸ್ಸು ಒಪ್ಪುತ್ತಿಲ್ಲ. ಹೊಸದಾಗಿ ಹಾಕಿಸುವವರು ಲೈನ್‌ಮನ್ ತೋರಿಸುವ ಸ್ಪೀಡ್ ಟೆಸ್ಟ್ ನೋಡಿ ವರ್ಷದ ಹಣ ಕಟ್ಟಬೇಡಿ. ಒಂದು ತಿಂಗಳು ಹಾಕಿಸಿಕೊಂಡು, ನೀವು ದಿನವೂ ನೋಡುವ ಸಣ್ಣ ಕನ್ನಡ ತಾಣವೊಂದನ್ನು ರಾತ್ರಿ ಒಂಬತ್ತರಿಂದ ಹತ್ತರ ನಡುವೆ ತೆರೆದು ನೋಡಿ. ನಾನಂತೂ ಆ ಎರಡು ತಾಣಗಳು ಸರಿಯಾಗುವವರೆಗೆ ತಿಂಗಳು ತಿಂಗಳಿಗೇ ಹಣ ಕಟ್ಟುತ್ತಿದ್ದೇನೆ.